ನಿಮ್ಮನೆ ದೋಸೆಗೆ ಎಷ್ಟು ತೂತು?

"ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ಹತ್ತನೇ ಕ್ಲಾಸಿನ ಕನ್ನಡ ಪರೀಕ್ಷೆಯಲ್ಲಿ ಯಾವ ಗಾದೆ ವಿಸ್ತರಿಸಿ ಅಂತ ಕೇಳಿದ್ರೂ ನಮ್ಮೆಲ್ಲರ ಮೊದಲ ಸಾಲು ಇದೇ. ಎರಡನೇ ಸಾಲು, "ಗಾದೆಗಳು ನಮ್ಮ ಹಿರಿಯರ ಅನುಭವದ ಸಾರ." ಗಾದೆ ಅರ್ಥವಾಗದೇ ಇದ್ರೂ ಈ ಎರಡು ಸಾಲಿಗೆ ಒಂದು ಮಾರ್ಕು ಬಂದೇ ಬರ್ತಿತ್ತು. ಆಮೇಲೆ ಇಂಜಿನಿಯರಿಂಗ್ ಸೇರಿದ್ವಿ, ಗಾದೆಗಳನ್ನ ಅಟ್ಟಕ್ಕೆ ಹಾಕಿದ್ವಿ.

ಈಗ ಎಂಜಿನಿಯರ್ ಕಣ್ಣಲ್ಲಿ ಆ ಮೊದಲ ಸಾಲನ್ನ ಮತ್ತೆ ನೋಡಿ. ಗಾದೆ ಸುಳ್ಳಾಗೋದಿಲ್ಲ ಅಂತ ಸರ್ಟಿಫಿಕೇಟ್ ಕೊಟ್ಟಿರೋದು ಯಾರು? ಇನ್ನೊಂದು ಗಾದೆ! ಯಾವುದಾದರೂ ವೆಬ್‌ಸೈಟು ಹೀಗೆ ತನಗೆ ತಾನೇ ಸರ್ಟಿಫಿಕೇಟ್ ಬರೆದುಕೊಂಡ್ರೆ ಬ್ರೌಸರ್ ಒಳಗೇ ಬಿಡೋದಿಲ್ಲ, "ಇದು ಸುರಕ್ಷಿತ ಅಲ್ಲ, ವಾಪಸ್ ಹೋಗಿ" ಅನ್ನುತ್ತೆ. ಹಾಗಾಗಿ ನಮ್ಮ ಗಾದೆಗಳನ್ನ ಜರ್ಮನಿಯ ವಿದ್ಯಾರ್ಥಿ ಜೀವನದಲ್ಲಿ ಒಂದ್ಸಲ ಓಡಿಸಿ ನೋಡೋಣ, ಯಾವುದು ಪಾಸು, ಯಾವುದು ಫೇಲು ಅಂತ.

ಮೊದಲನೆಯದು ಸುಲಭದ್ದು. "ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ." ಇದನ್ನ ನಂಬದವರು ಇಲ್ಲಿನ ಯಾವುದಾದರೂ ಸೂಪರ್‌ಮಾರ್ಕೆಟ್ಟಿನ ಬಾಟಲಿ ಮೆಷಿನ್ ಮುಂದೆ ಐದು ನಿಮಿಷ ನಿಲ್ಲಲಿ. ಒಂದು ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಫಾಂಡ್. ನಾಲ್ಕು ಬಾಟಲಿಗೆ ಒಂದು ಯೂರೋ, ಇಪ್ಪತ್ತು ಬಾಟಲಿಗೆ ಐದು ಯೂರೋ. ಬಂದ ಹೊಸತರಲ್ಲಿ "ಛೀ, ಖಾಲಿ ಬಾಟಲಿ ಹೊತ್ಕೊಂಡು ಹೋಗೋದಾ" ಅಂತ ಮುಖ ಸಿಂಡರಿಸಿದವರೇ ಎರಡನೇ ಸೆಮಿಸ್ಟರ್ ಹೊತ್ತಿಗೆ ಪಾರ್ಟಿ ಮುಗಿದ ಮೇಲೆ "ನಾನು ಕ್ಲೀನ್ ಮಾಡ್ತೀನಿ, ನೀವೆಲ್ಲ ಹೊರಡಿ" ಅಂತ ಭಾರೀ ಉದಾರಿಗಳಾಗ್ತಾರೆ. ಜರ್ಮನರಲ್ಲೂ ಇದೇ ಅರ್ಥದ ಒಂದು ಗಾದೆ ಇದೆ: "ಸಣ್ಣ ಜಾನುವಾರೂ ಸಗಣಿ ಹಾಕುತ್ತೆ." ನಮ್ಮದರಲ್ಲಿ ಹಳ್ಳ, ತೆನೆ ಅಂತ ಎಷ್ಟು ಚಂದ ಕೇಳಿಸುತ್ತೆ, ಅವರದ್ದು ನೇರ ಕೊಟ್ಟಿಗೆಗೇ ಹೋಗುತ್ತೆ. ಏನೇ ಇರಲಿ, ಎರಡೂ ದೇಶದಲ್ಲಿ ಪಾಸು.

ಎರಡನೆಯದು, "ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ." ವಾರವೆಲ್ಲ ಮಗ್ಗದ ಕಡೆ ತಲೆ ಹಾಕದ ನೇಕಾರ ಸಂತೆಗೆ ಹೊರಡೋ ಹೊತ್ತಲ್ಲಿ ಗಡಿಬಿಡಿಯಲ್ಲಿ ಮೂರು ಮೊಳ ನೇಯ್ದನಂತೆ. ಇದನ್ನ ಹುಟ್ಟಿಸಿದ ಪುಣ್ಯಾತ್ಮನಿಗೆ ಗ್ರೂಪ್ ಪ್ರಾಜೆಕ್ಟ್ ಅಂದ್ರೇನು ಅಂತ ಹೇಗೆ ಗೊತ್ತಾಯ್ತು ಅನ್ನೋದೇ ಆಶ್ಚರ್ಯ. ನಾಲ್ಕು ಜನರ ಟೀಮು, ಆರು ವಾರ ಸಮಯ. ಐದು ವಾರ ಆರು ದಿನ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆಟ್ಟು ತೋರಿಸೋದು, ಕೊನೇ ರಾತ್ರಿ ಹನ್ನೊಂದು ಐವತ್ತೆಂಟಕ್ಕೆ ಅಪ್‌ಲೋಡ್ ಆಗ್ತಾ ಆಗ್ತಾ ವೈಫೈ ಕೈ ಕೊಡೋದು. ಅಕ್ಷರಶಃ ಸಂತೆಯ ವಿಷಯಕ್ಕೂ ಈ ಗಾದೆ ಇಲ್ಲಿ ಊರಿಗಿಂತ ಚೆನ್ನಾಗಿ ಒಪ್ಪುತ್ತೆ. ಭಾನುವಾರ ಅಂಗಡಿಗಳೆಲ್ಲ ಬಂದ್. ಬೆಂಗಳೂರಲ್ಲಿ ಭಾನುವಾರ ಬೆಳಗ್ಗೆ ಕೊತ್ತಂಬರಿ ಸೊಪ್ಪು ಮರೆತರೆ ಮೂಲೆ ಅಂಗಡಿಗೆ ಚಪ್ಪಲಿ ಹಾಕ್ಕೊಂಡು ಹೋದ್ರೆ ಆಯ್ತು. ಇಲ್ಲಿ ಶನಿವಾರ ರಾತ್ರಿ ಬಾಗಿಲು ಹಾಕೋ ಹತ್ತು ನಿಮಿಷ ಮುಂಚೆ ಒಳಗೆ ನುಗ್ಗಿದವರ ಬುಟ್ಟಿಯಲ್ಲಿ ಏನಿರುತ್ತೆ ನೋಡಿ: ಒಂದು ಬಾಡಿದ ಹೂಕೋಸು, ಎರಡು ಮೊಸರಿನ ಡಬ್ಬಿ, ಯಾರಿಗೂ ಬೇಡವಾದ ಬ್ರೆಡ್ಡು. ಅದೇ ಆ ಮೂರು ಮೊಳ. ಈ ಗಾದೆ ಡಿಸ್ಟಿಂಕ್ಷನ್ನಲ್ಲಿ ಪಾಸು.

ಮೂರನೆಯದು, "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ." ಎತ್ತು ಹೇಗೆ ಕರು ಹಾಕುತ್ತೆ ಅಂತ ಒಬ್ಬರೂ ಕೇಳಲಿಲ್ಲ, ಎಲ್ಲರೂ ಹಗ್ಗ ಹುಡುಕೋಕೆ ಓಡಿದ್ರು. ಫ್ಯಾಮಿಲಿ ವಾಟ್ಸಾಪ್ ಗುಂಪು ಇರೋ ಎಲ್ಲರಿಗೂ ಇದರ ಅರ್ಥ ವಿವರಿಸಬೇಕಿಲ್ಲ. ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕ್ತಾರೆ: "ಜರ್ಮನಿಯಲ್ಲಿ ಭಾರತೀಯ ವಿದ್ಯಾರ್ಥಿಗಳ ವೀಸಾ ಎಲ್ಲ ಕ್ಯಾನ್ಸಲ್ ಅಂತೆ!!" ಯಾರು ಹೇಳಿದ್ದು, ಯಾವತ್ತು ಹೇಳಿದ್ದು, ಏನೂ ಇಲ್ಲ, ಕೊನೆಯಲ್ಲಿ ಎರಡು ಕೈ ಮುಗಿದ ಚಿತ್ರ ಮಾತ್ರ. ಚಿಕ್ಕಮ್ಮ "ಅಯ್ಯೋ ದೇವರೇ" ಅಂತಾರೆ. ಅತ್ತೆ "ನಾನು ಅವತ್ತೇ ಹೇಳಿದ್ದೆ" ಅಂತಾರೆ. ಊರಲ್ಲಿ ಬೆಳಗ್ಗೆ ಏಳೂವರೆ, ಅಂದ್ರೆ ಚಳಿಗಾಲದಲ್ಲಿ ಇಲ್ಲಿ ಮಧ್ಯರಾತ್ರಿ ಮೂರು ಗಂಟೆ. ಅಮ್ಮನ ಫೋನು: "ಬಟ್ಟೆಬರೆ ಪ್ಯಾಕ್ ಮಾಡ್ಕೊಂಡಿದ್ಯೇನೋ?" ಕರು ಇನ್ನೂ ಹುಟ್ಟಿಲ್ಲ, ಹುಟ್ಟೋ ಹಾಗೂ ಇಲ್ಲ, ಆದರೆ ಕೊಟ್ಟಿಗೆ ಗುಡಿಸಿ ರೆಡಿ! ಈ ಗಾದೆಯನ್ನ ವಾಟ್ಸಾಪ್ ತೆರೆದ ಕೂಡಲೇ ಕಾಣೋ ಹಾಗೆ ಹಾಕಬೇಕು ಅನ್ನೋದು ನನ್ನ ಬೇಡಿಕೆ.

ಎಐ ಬಂದ ಮೇಲೆ "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ" ಅನ್ನೋದಕ್ಕೂ ಮರುಜನ್ಮ ಸಿಕ್ಕಿದೆ. ಕೋಡಿನಲ್ಲಿ ಒಂದು ಸಾಲು ಸರಿ ಮಾಡಿಕೊಡಪ್ಪ ಅಂದ್ರೆ ಅದು ಮುನ್ನೂರು ಸಾಲು ಹೊಸದಾಗಿ ಬರೆದು, ಹಳೇದನ್ನ ಅಳಿಸಿ, ಕೊನೆಗೆ "ಈಗ ಎಲ್ಲವೂ ಸರಿಯಾಗಿದೆ" ಅಂತ ಬೇರೆ ಹೇಳುತ್ತೆ. ಸೊಂಡಿಲು ಇರಬೇಕಾದ ಜಾಗದಲ್ಲಿ ಜಟೆ, ಇಲಿ ಇರಬೇಕಾದ ಜಾಗದಲ್ಲಿ ನಂದಿ. ಕೈ ಮುಗಿಯೋದು ಬಿಟ್ಟು ಬೇರೆ ದಾರಿ ಇಲ್ಲ.

ಇಲ್ಲಿವರೆಗೂ ಎಲ್ಲ ಪಾಸಾಯ್ತು. ಈಗ ಫೇಲಾಗೋದನ್ನ ನೋಡೋಣ.

"ಹಾಸಿಗೆ ಇದ್ದಷ್ಟು ಕಾಲು ಚಾಚು." ಬಹುಶಃ ಕನ್ನಡದ ಮನೆಗಳಲ್ಲಿ ಅತಿ ಹೆಚ್ಚು ಸಲ ಕೇಳಿಬರೋ ಗಾದೆ ಇದೇ. ತಮಾಷೆ ಏನು ಅಂದ್ರೆ, ಜರ್ಮನರೂ "ಹೊದಿಕೆ ಇದ್ದಷ್ಟು ಮೈ ಚಾಚು" ಅಂತಾರೆ. ಅವರದ್ದು ಚಳಿಯ ದೇಶ, ಅದಕ್ಕೇ ಹಾಸಿಗೆ ಬದಲು ಹೊದಿಕೆ ಇರಬೇಕು ಅಂತ ನನ್ನ ಊಹೆ. ಎರಡು ನಾಡಿನ ಅಜ್ಜಿಯರೂ ಸೇರಿ ಹೇಳಿದ ಮಾತು. ಆದರೆ ಲೆಕ್ಕ ಹಾಕಿ ನೋಡಿ. ಇಲ್ಲಿಗೆ ಓದೋಕೆ ಬರಬೇಕಾದ್ರೆ ಒಂದು ವರ್ಷದ ಖರ್ಚಿಗೆ ಅಂತ 11,904 ಯೂರೋವನ್ನ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ತೋರಿಸಬೇಕು ಅಂತ 2024ರ ಸೆಪ್ಟೆಂಬರ್‌ನಿಂದ ನಿಯಮ ಇದೆ. ತಿಂಗಳಿಗೆ 992 ಯೂರೋ. ನಮ್ಮಲ್ಲಿ ಎಷ್ಟು ಜನರ ಮನೆಯ ಹಾಸಿಗೆ ಅಷ್ಟು ಉದ್ದ ಇತ್ತು? ಒಬ್ಬರ ಮನೆಯಲ್ಲಿ ಸೈಟಿನ ಪತ್ರ ಬ್ಯಾಂಕಿಗೆ ಹೋಗಿದೆ, ಇನ್ನೊಬ್ಬರ ಮನೆಯಲ್ಲಿ ಅಮ್ಮನ ಬಳೆ. ಅಪ್ಪ ಎಜುಕೇಶನ್ ಲೋನಿಗೆ ಸಹಿ ಹಾಕಿದ ದಿನ ಈ ಗಾದೆ ಅವರಿಗೆ ನೆನಪಾಗಿರಲ್ಲ ಅಂತಲ್ಲ. ನೆನಪಾಗಿರುತ್ತೆ. ಬೇಕಂತಲೇ ಮರೆತಿರ್ತಾರೆ. ಹಾಸಿಗೆ ನೋಡಿ ಕಾಲು ಚಾಚಿದ್ದಿದ್ರೆ ಈ ಕಿರುಪುಸ್ತಕ ಓದ್ತಿರೋ ನಮ್ಮಲ್ಲಿ ಮುಕ್ಕಾಲು ಜನ ಇವತ್ತು ಇಲ್ಲಿ ಇರ್ತಿರಲಿಲ್ಲ. ಹನ್ನೆರಡು ಚದರ ಮೀಟರಿನ ರೂಮಿನಲ್ಲಿ, ಗೋಡೆಗೆ ತಲೆ, ಹೀಟರಿಗೆ ಕಾಲು ತಾಗಿಸಿಕೊಂಡು ಮಲಗೋವಾಗ ಇದನ್ನೊಮ್ಮೆ ಯೋಚಿಸಿ: ನಮ್ಮ ಕಾಲಿಗಾಗಿ ಯಾರೋ ತಮ್ಮ ಹಾಸಿಗೆಯನ್ನೇ ಮಡಚಿಟ್ಟಿದ್ದಾರೆ.

ಹಾಗಾದ್ರೆ ಗಾದೆ ಸುಳ್ಳಾ? ಸುಳ್ಳು ಅನ್ನೋಕೂ ಆಗಲ್ಲ. ಅದೇ ಗಾದೆ ಹೊಸ ಫೋನಿನ ಕಂತು ಕಟ್ಟೋವಾಗ ನಿಜ. ಅಸಲಿಗೆ ಗಾದೆಗಳು ಒಂದಕ್ಕೊಂದು ಒಪ್ಪೋದೇ ಇಲ್ಲ. "ತಾಳಿದವನು ಬಾಳಿಯಾನು" ಅಂತ ಒಂದು ಹೇಳಿದ್ರೆ "ಗಾಳಿ ಬಂದಾಗ ತೂರಿಕೋ" ಅಂತ ಇನ್ನೊಂದು ಅವಸರ ಮಾಡುತ್ತೆ. "ಮಾತು ಬೆಳ್ಳಿ, ಮೌನ ಬಂಗಾರ" ಅಂತ ಒಂದು ಬಾಯಿ ಮುಚ್ಚಿಸಿದ್ರೆ "ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ" ಅಂತ ಇನ್ನೊಂದು ಬಾಯಿ ತೆರೆಸುತ್ತೆ. ಇವನ್ನೆಲ್ಲ ಒಂದೇ ಪ್ರೋಗ್ರಾಮಿಗೆ ಹಾಕಿದ್ರೆ ಅದು ಓಡೋದಿಲ್ಲ. ನಮ್ಮಜ್ಜಿಯರಿಗೆ ಇದು ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಅವರಿಗೆ ಗಾದೆ ನಿಯಮ ಆಗಿರಲಿಲ್ಲ, ಸ್ಪ್ಯಾನರ್ ಆಗಿತ್ತು. ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಅಂತ ನೋಡಿ ಕೈ ಹಾಕ್ತಿದ್ರು.

ಇದನ್ನ ಚೆನ್ನಾಗಿ ಅರ್ಥ ಮಾಡಿಕೊಂಡವರಲ್ಲಿ ಒಬ್ಬರು ಇದೇ ಜರ್ಮನಿಯವರು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ನಮ್ಮ ನಾಡಿಗೆ ಹೋದವರು, 1894ರಲ್ಲಿ ಮಂಗಳೂರಿನಿಂದ ಬಂದ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟನ್ನ ಮಾಡಿದವರು, 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡವರು. ಸುಮಾರು 70,000 ಪದಗಳ ಆ ನಿಘಂಟಿನಲ್ಲಿ ಅರ್ಥ ಕೊಟ್ಟು ಸುಮ್ಮನಾಗದೆ, ಎಷ್ಟೋ ಪದಗಳ ಪಕ್ಕದಲ್ಲಿ ಅವು ಬರೋ ಗಾದೆಯನ್ನೂ ಇಟ್ಟಿದ್ದಾರೆ. ಪದ ಜನರ ಬಾಯಲ್ಲಿ ಹೇಗೆ ಓಡಾಡುತ್ತೆ ಅಂತ ತೋರಿಸೋಕೆ ಅದಕ್ಕಿಂತ ಒಳ್ಳೇ ದಾರಿ ಇಲ್ಲವಲ್ಲ. ಅವರು ಇಲ್ಲಿಂದ ಅಲ್ಲಿಗೆ ಹೋಗಿ ಕನ್ನಡ ಕಲಿತರು. ನಾವು ಅಲ್ಲಿಂದ ಇಲ್ಲಿಗೆ ಬಂದು ಮರೀತಿದೀವಿ. ಮರೆಯೋದು ಅಂದ್ರೆ ಪೂರ್ತಿ ಮರೆಯೋದಲ್ಲ. "ಅನ್ನ ಆಯ್ತಾ", "ಬಸ್ ಎಷ್ಟೊತ್ತಿಗೆ", "ಬಾರೋ ಮಗಾ" ಇವೆಲ್ಲ ಇರುತ್ತೆ. ಜಗಳ ಆಡೋಕೆ, ಸಮಾಧಾನ ಹೇಳೋಕೆ, ನೋವಾಗದ ಹಾಗೆ ಬೈಯ್ಯೋಕೆ ಬೇಕಾದ ಕನ್ನಡ ಮೊದಲು ಹೋಗುತ್ತೆ.

ನೋವಾಗದ ಹಾಗೆ ಬೈಯ್ಯೋದು ಅಂದ್ರೆ ಏನು ಅಂತ ಹಂಚಿಕೊಂಡ ಮನೆಯ ಅಡುಗೆಮನೆಯಲ್ಲಿ ನೋಡಬಹುದು. ಸಿಂಕಿನಲ್ಲಿ ಮೂರು ದಿನದ ಪಾತ್ರೆ. "ನಿನ್ನ ಪಾತ್ರೆ ತೊಳಿ" ಅಂತ ನೇರ ಹೇಳಿದ್ರೆ ಮುಖ ಊದಿಸಿಕೊಳ್ತಾನೆ. ಗುಂಪಿನಲ್ಲಿ ಫೋಟೋ ಹಾಕಿದ್ರೆ ಯುದ್ಧ. ಅದೇ "ಉಂಡೂ ಹೋದ ಕೊಂಡೂ ಹೋದ ಅಂದ ಹಾಗಾಯ್ತಲ್ಲೋ ನಿನ್ನ ಕಥೆ" ಅನ್ನಿ. ಮೊದಲು ನಗ್ತಾನೆ, ಆಮೇಲೆ ತೊಳೀತಾನೆ. ಯಾಕಂದ್ರೆ ಬೈದಿದ್ದು ನಾವಲ್ಲ, ಯಾವುದೋ ಕಾಲದ ಯಾವುದೋ ಅಜ್ಜಿ. ಅಜ್ಜಿ ಮೇಲೆ ಯಾರು ಸಿಟ್ಟು ಮಾಡ್ಕೊಳ್ತಾರೆ? "ಮಾಡಿದ್ದುಣ್ಣೋ ಮಹಾರಾಯ" ಅನ್ನೋದಂತೂ ಇಲ್ಲಿ ಕರ್ಮಸಿದ್ಧಾಂತ ಬಿಟ್ಟು ಅಡುಗೆಮನೆಯ ಸಂವಿಧಾನವೇ ಆಗಿಹೋಗಿದೆ. ಉಪ್ಪು ಎರಡು ಸಲ ಬಿದ್ದ ಸಾರನ್ನ ಮಾಡಿದವನೇ ಬುಧವಾರದವರೆಗೂ ಉಣ್ಣಬೇಕು.

ಗಾದೆಗೆ ಇಷ್ಟು ಶಕ್ತಿ ಇದೆ ಅಂದ ಮೇಲೆ ಅದನ್ನ ಕೆಟ್ಟದ್ದಕ್ಕೂ ಬಳಸಬಹುದು ಅಲ್ವಾ? ನನ್ನ ತಕರಾರು ಇರೋದು ಇಲ್ಲೇ.

ನಮ್ಮ ನಡುವೆ ಒಬ್ಬ ಇರ್ತಾನೆ. ಹೆಸರು ಬೇಡ, ಎಲ್ಲ ಊರಿನ ಎಲ್ಲ ಸಂಘದಲ್ಲೂ ಒಬ್ಬ ಇದ್ದೇ ಇರ್ತಾನೆ ಅಥವಾ ಇರ್ತಾಳೆ. ವರ್ಕಿಂಗ್ ಸ್ಟೂಡೆಂಟ್ ಕೆಲಸಕ್ಕೆ ನೂರಾರು ಅರ್ಜಿ ಹಾಕಿರ್ತಾನೆ, "ದುರದೃಷ್ಟವಶಾತ್" ಅಂತ ಶುರುವಾಗೋ ಇಮೇಲ್ ಬಿಟ್ಟು ಬೇರೇನೂ ಬಂದಿರಲ್ಲ. ಒಂದು ವಿಷಯ ಎರಡು ಸಲ ಹೋಗಿದೆ, ಮೂರನೇ ಸಲವೂ ಹೋದ್ರೆ ಏನಾಗುತ್ತೆ ಅನ್ನೋ ಭಯ. ನಾಲ್ಕು ಗಂಟೆಗೇ ಕತ್ತಲಾಗೋ ಡಿಸೆಂಬರ್. ಮನೆಗೆ ಫೋನ್ ಮಾಡಿದ್ರೆ ಲೋನಿನ ಮಾತು ಬರುತ್ತೆ ಅಂತ ಫೋನೇ ಮಾಡಲ್ಲ. ಹೇಗೋ ಧೈರ್ಯ ಮಾಡಿ ನಮ್ಮ ಹತ್ರ "ಯಾಕೋ ಆಗ್ತಿಲ್ಲ ಮಗಾ" ಅಂತಾನೆ. ಆಗ ನಾವೇನು ಹೇಳ್ತೀವಿ? "ತಾಳಿದವನು ಬಾಳಿಯಾನು ಕಣೋ, ಎಲ್ಲ ಸರಿ ಹೋಗುತ್ತೆ." ಬೆನ್ನು ತಟ್ಟಿ ಹೊರಡ್ತೀವಿ.

ಆ ಗಾದೆ ಅಲ್ಲಿ ಏನು ಕೆಲಸ ಮಾಡ್ತು ಅಂತ ನೋಡಿ. ಅವನ ಬಾಯಿ ಮುಚ್ಚಿಸ್ತು. ಇನ್ನು ಮುಂದೆ ಅವನು ಏನಾದ್ರೂ ಹೇಳಿದ್ರೆ ತಾಳದವನು ಅನ್ನಿಸಿಕೊಳ್ತಾನೆ. ನಮಗೆ ಕೇಳೋ ಕೆಲಸ ತಪ್ಪಿತು, ಅವನಿಗೆ ಹೇಳೋ ದಾರಿ ಮುಚ್ಚಿತು. ಹಿರಿಯರ ಅನುಭವದ ಸಾರ ಅಂತ ಮೇಲೆ ಲೇಬಲ್ ಬೇರೆ.

ಅದೇ ಜಾಗದಲ್ಲಿ "ಎಲ್ಲರ ಮನೆ ದೋಸೆಯೂ ತೂತೇ ಕಣೋ" ಅಂದಿದ್ರೆ? ಇದರಲ್ಲಿ ಉಪದೇಶ ಇಲ್ಲ. "ನನ್ನ ದೋಸೆಯೂ ತೂತು, ಬೇಕಾದ್ರೆ ನೋಡು" ಅನ್ನೋ ಅರ್ಥ ಇದೆ. ಆದರೆ ಷರತ್ತು ಒಂದೇ: ಈ ಗಾದೆ ಹೇಳಿದವನು ತನ್ನ ತೂತನ್ನೂ ತೋರಿಸಬೇಕು. "ನನಗೂ ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಹೋಗಿತ್ತು, ಮನೇಲಿ ಇವತ್ತಿಗೂ ಗೊತ್ತಿಲ್ಲ" ಅಂತ ಪಕ್ಕದಲ್ಲಿ ಕೂತವರು ಹೇಳಿದಾಗ ಆಗೋ ಸಮಾಧಾನ ಹತ್ತು ಮೋಟಿವೇಶನ್ ವಿಡಿಯೋದಿಂದ ಆಗಲ್ಲ. ಆಮೇಲೆ ಪ್ರೊಫೆಸರ್ ಹತ್ರ ಮಾತಾಡೋದು, ಯೂನಿವರ್ಸಿಟಿಯ ಆಪ್ತಸಲಹೆಗಾರರನ್ನ ನೋಡೋದು ಇವೆಲ್ಲ ಸುಲಭ ಆಗುತ್ತೆ. ಬಾಯಿ ಬಿಟ್ಟ ಮೇಲೆ ದಾರಿ, ಅದಕ್ಕೆ ಮುಂಚೆ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಜರ್ಮನರೂ ಪದಕ್ಕೆ ಪದ ಹಾಗೇ ಹೇಳ್ತಾರೆ. ಆದರೆ ಮನೆಯಿಂದ ಏಳು ಸಾವಿರ ಕಿಲೋಮೀಟರು ದೂರದಲ್ಲಿ ಒಬ್ಬಂಟಿ ರೂಮಿನ ಮೌನ ಬಂಗಾರ ಅಲ್ಲ ಮಾರಾಯ್ರೇ. ಅಲ್ಲಿ ಬೆಳ್ಳಿಯೇ ಸಾಕು.

"ದೂರದ ಬೆಟ್ಟ ನುಣ್ಣಗೆ" ಅನ್ನೋದನ್ನೂ ಇದರ ಜೊತೆ ಇಟ್ಟುಕೊಳ್ಳಿ. ಇನ್‌ಸ್ಟಾಗ್ರಾಮ್ ಹುಟ್ಟೋಕೆ ಎಷ್ಟೋ ಮುಂಚೆಯೇ ಫಿಲ್ಟರ್ ಅಂದ್ರೇನು ಅಂತ ಹೇಳಿದ ಗಾದೆ ಇದು. ಊರಲ್ಲಿರೋ ಗೆಳೆಯರಿಗೆ ನಮ್ಮ ಹಿಮದ ಫೋಟೋ ನುಣ್ಣಗೆ, ಆ ಹಿಮದಲ್ಲಿ ಜಾರಿದ ಸೊಂಟ ಕಾಣಲ್ಲ. ನಮಗೆ ಅವರ ಮದುವೆ ಊಟದ ಬಾಳೆ ಎಲೆ ನುಣ್ಣಗೆ, ಅವರ ಆಫೀಸಿಗೆ ಹೋಗೋ ರಸ್ತೆ ಕಾಣಲ್ಲ. ಎರಡು ಬೆಟ್ಟದವರೂ ಒಬ್ಬರನ್ನೊಬ್ಬರು ನೋಡಿ ಕರುಬ್ತಾ ಕೂತಿರ್ತೀವಿ.

ಹಾಗಾಗಿ ನಾನು ಹೇಳೋ ಪರೀಕ್ಷೆ ಒಂದೇ. ಗಾದೆ ನಿಜವಾ ಸುಳ್ಳಾ ಅಂತ ನೋಡಬೇಡಿ. ಅದನ್ನ ಕೇಳಿದವರ ಬಾಯಿ ಮುಚ್ಚಿತಾ, ತೆರೀತಾ ಅಂತ ನೋಡಿ. ಈ ಪರೀಕ್ಷೆಗೆ ಹಚ್ಚಿದ್ರೆ ಕೆಲವು ಗಾದೆಗಳನ್ನ ಯಾವ ಸಂಕೋಚ ಇಲ್ಲದೆ ನಿಘಂಟಿನಲ್ಲೇ ಬಿಟ್ಟು ಬರಬಹುದು. "ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ" ಅನ್ನೋದೂ ನಮ್ಮ ಹಿರಿಯರ ಅನುಭವದ ಸಾರವೇ ಅಂತೆ. ಪಕ್ಕದ ಲ್ಯಾಬಿನ ಹುಡುಗಿಯರ ಹತ್ರ ಅಸೈನ್‌ಮೆಂಟ್ ಸಂಶಯ ಕೇಳೋಕೆ ಸಾಲಿನಲ್ಲಿ ನಿಂತಿರೋ ಹುಡುಗರನ್ನ ನೋಡಿದ್ರೆ ಯಾರ ಬುದ್ಧಿ ಎಲ್ಲಿದೆ ಅಂತ ಗೊತ್ತಾಗುತ್ತೆ. ಜಾತಿ ಹಿಡಿದು ಆಡಿಕೊಳ್ಳೋ ಗಾದೆಗಳೂ ಬೇಕಾದಷ್ಟಿವೆ. "ಏನೋ, ಹಿಂದಿನವರು ಹೇಳಿದ್ದು" ಅಂತ ನಗ್ತಾ ಹೇಳಿದ್ರೂ, ಕೇಳಿಸಿಕೊಂಡ ಒಬ್ಬರು ಮುಂದಿನ ಸಭೆಗೆ ಬರೋದಿಲ್ಲ. ಹಳೇದು ಅನ್ನೋ ಕಾರಣಕ್ಕೆ ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿಕೊಂಡು ಬರಬೇಕಿಲ್ಲ. ವಿಮಾನದವರೂ ತೂಕ ನೋಡ್ತಾರೆ.

ಹಾಗೆ ಖಾಲಿಯಾದ ಜಾಗಕ್ಕೆ ಹೊಸದು ಹುಟ್ಟಿಸಿದ್ರೆ ಆಯ್ತು. ಗಾದೆ ಮಾಡೋಕೆ ಯಾರ ಅಪ್ಪಣೆಯೂ ಬೇಡ. ಗಾದೆ ಕಟ್ಟಿದ ಅಜ್ಜಿಯರು ಯಾವ ಅಕಾಡೆಮಿಗೂ ಅರ್ಜಿ ಹಾಕಿರಲಿಲ್ಲ. ನಾನು ಮೂರು ಕೊಡ್ತೀನಿ, ಚೆನ್ನಾಗಿಲ್ಲ ಅಂದ್ರೆ ನೀವು ಮೂವತ್ತು ಮಾಡಿ:

ಟರ್ಮಿನ್ ಇಲ್ಲದವನಿಗೆ ಬಾಗಿಲೂ ಗೋಡೆ.

ಶನಿವಾರ ಮಲಗಿದವನಿಗೆ ಭಾನುವಾರ ಮ್ಯಾಗಿ.

ಬಾಟಲಿ ಎಸೆದವನು ಬಡವನಾದ, ಹೆಕ್ಕಿದವನು ಕಾಫಿ ಕುಡಿದ.

ಈ ಸಲ ಸಂಘದ ರಾಜ್ಯೋತ್ಸವಕ್ಕೆ ಗಾದೆಗಳನ್ನ ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸೋ ಕಾರ್ಯಕ್ರಮ ಇದ್ರೆ ದಯವಿಟ್ಟು ಬೇಡ. ಗೋಡೆಗೆ ಅಂಟಿದ ಸ್ಪ್ಯಾನರ್‌ನಿಂದ ಯಾವ ನಟ್ಟೂ ತಿರುಗಲ್ಲ. ಅದರ ಬದಲು ಊಟದ ಸಾಲಿನಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ನಿಂತಾಗ, ಪಕ್ಕದಲ್ಲಿ ಹೊಸದಾಗಿ ಬಂದವರು ಇದ್ರೆ ಮಾತಾಡಿಸಿ. "ಹೇಗಿದೀರಾ?" ಅಂದ್ರೆ "ಎಲ್ಲ ಚೆನ್ನಾಗಿದೆ" ಅಂತಲೇ ಹೇಳ್ತಾರೆ, ನಾವೂ ಹಾಗೇ ಹೇಳ್ತೀವಿ. ಅಲ್ಲಿಗೇ ಬಿಡಬೇಡಿ. "ಅದು ಸರಿ, ನಿಮ್ಮನೆ ದೋಸೆಗೆ ಎಷ್ಟು ತೂತು?" ಅಂತ ಕೇಳಿ. ನಗ್ತಾರೆ. ನಿಮ್ಮದನ್ನ ಮೊದಲು ಎಣಿಸಿ ಹೇಳಿ. ಆಮೇಲೆ ಅವರೂ ಶುರು ಮಾಡ್ತಾರೆ.